ಐದೂವರೆಗೆ ಮುಂಚಿನ ಕೆಂಪು

ತಮ್ಮನ ಮೊಮ್ಮಗಳ ನಾಮಕರಣಕ್ಕೆ ಸೀರೆ ತೆಗೆಯಲು ಕಳೆದ ಕಾರ್ತಿಕದಲ್ಲಿ ಮದ್ರಾಸಿನ ಪುರಸೈವಾಕ್ಕಂಗೆ ಹೋಗಿದ್ದೆ. ಅಂಗಡಿಯವನು ನೂಲಿನ ಸೀರೆಗಳ ಕಟ್ಟು ಬಿಚ್ಚಿ ಹಾಸಿದ. ಹೊರಗೆ ಮಳೆ, ಬಾಗಿಲಲ್ಲಿ ಜನರೇಟರಿನ ಹೊಗೆ, ಒಳಗೆ ಹೊಸ ಬಟ್ಟೆಯ ಗಂಜಿಯ ವಾಸನೆ. ಬೇರೆಯವರಿಗೆ ಆ ವಾಸನೆಯಿಂದ ಮದುವೆಯೋ ಹಬ್ಬವೋ ನೆನಪಾಗಬಹುದು. ನನಗೆ ಮಹದೇವಿ ನೆನಪಾದಳು. ಅದೇ ಕಟ್ಟಡದ ಮೂರನೆಯ ಮಹಡಿಗೆ ಆ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು, ಅಲ್ಲಿ ನಾವು ಕೆಲಸ ಮಾಡುತ್ತಿದ್ದೆವು.

"ಮೇಲೆ ಈಗ ಏನಿದೆಯಪ್ಪ?" ಎಂದು ಕೇಳಿದೆ.

"ಗೋಡೌನ್ ದಾನ್ ಮಾ. ನೀವು ಬಾರ್ಡರ್ ನೋಡಿ," ಎಂದ.

ಬಾರ್ಡರ್ ನೋಡಿದೆ, ಸೀರೆ ತೆಗೆದುಕೊಂಡೆ, ಬಸ್ಸು ಹಿಡಿದು ಮೈಲಾಪೂರಿಗೆ ಬಂದೆ. ಆದರೆ ಎರಡು ಸಾವಿರದ ಎಂಟರ ಆ ಮಳೆಗಾಲವನ್ನು ಬರೆದಿಡಬೇಕು ಅನ್ನಿಸಿತು. ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ಮೈಸೂರಿನ ಒಂದು ವಿದ್ಯಾರ್ಥಿನಿಲಯದ ಕಾಂಪೌಂಡಿನೊಳಗೆ. ಅಪ್ಪ ಅಲ್ಲಿ ವಾರ್ಡನ್. ನಮ್ಮ ಮನೆಯಲ್ಲಿ ಏಳುವುದು, ಓದುವುದು, ಉಣ್ಣುವುದು ಎಲ್ಲವೂ ಹಾಸ್ಟೆಲಿನ ಗಂಟೆಗೆ. ಮದುವೆಯಾಗಿ ಮದ್ರಾಸಿಗೆ ಬಂದ ಮೇಲೆ ಆವಡಿ ಕಡೆಯ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗ ಸೇರಿದೆ. ತಯಾರಾದ ಬಿಡಿಭಾಗ ಅಳತೆಗೆ ಸರಿಯಿದೆಯೇ ಎಂದು ಉಕ್ಕಿನ ಗೇಜಿನಲ್ಲಿ ಹಾಕಿ ನೋಡುವುದು ನಮ್ಮ ಕೆಲಸ. ಹೊಂದಿದರೆ ಪಾಸು, ಹೊಂದದಿದ್ದರೆ ಕೆಂಪು ಬಣ್ಣ ಬಳಿದು ಬದಿಗೆ. ಒಂದೇ ಸಲ ಅಳೆಯಬೇಕು. ಹೊಂದುವ ತನಕ ತಿರುಗಿಸಿ ತಿರುಗಿಸಿ ಅಳೆಯುವುದು ಕಳ್ಳತನಕ್ಕೆ ಸಮ ಎಂದು ನನ್ನ ಮೇಲಧಿಕಾರಿ ಹೇಳಿಕೊಟ್ಟಿದ್ದರು. ಅಲ್ಲಿ ಕೆಲಸ ಮಾಡಿದಷ್ಟು ವರ್ಷವೂ ಹಾಗೆಯೇ ಅಳೆದೆ.

ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದಾಗ ವರದರಾಜ ಕರೆದ. ನಮ್ಮ ಬೀದಿಯ ಹುಡುಗ. ಮೂರು ತಲೆಮಾರಿನಿಂದ ಮೈಲಾಪೂರಿನಲ್ಲೇ ನೆಲೆಸಿದ ಕುಟುಂಬ. ಅವರ ಮನೆಯ ಕನ್ನಡದಲ್ಲಿ ಅರ್ಧ ತಮಿಳು. ಬೀದಿಯಲ್ಲಿ ನನ್ನನ್ನು ಸರೋಜಕ್ಕ ಎನ್ನುತ್ತಿದ್ದವನು ಆಫೀಸಿನಲ್ಲಿ ಮೇಡಂ ಎನ್ನತೊಡಗಿದ. ಅವನ ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಸಿಡ್ನಿಯ ಒಬ್ಬ ಗಿರಾಕಿ ಸಿಕ್ಕಿದ್ದ. ಮದುವೆ, ಪಾರ್ಟಿಗಳಿಗೆ ಶಾಮಿಯಾನ ಬಾಡಿಗೆ ಕೊಡುವ ವ್ಯಾಪಾರಿ. ಅವನಿಗೆ ಒಂದು ವೆಬ್‌ಸೈಟ್ ಬೇಕಿತ್ತು. ಕೋಡ್ ಬರೆಯುವವರು ಬೇರೆ, ಅದರ ಗುಣಮಟ್ಟ ನೋಡುವವರು ಬೇರೆ ಇರಬೇಕು, ನೋಡುವವರು ಪ್ರತಿ ಶುಕ್ರವಾರ ನೇರವಾಗಿ ತನಗೇ ವರದಿ ಕಳಿಸಬೇಕು ಎಂದು ಅವನು ಷರತ್ತು ಹಾಕಿದ್ದ. ಅದಕ್ಕೆ ನಾನು.

"ಮೇಡಂ, ನಿಮಗೆ ಕಂಪ್ಯೂಟರ್ ಬರಬೇಕಂತಿಲ್ಲ, ಕಟ್ಟುನಿಟ್ಟು ಬಂದ್ರೆ ಸಾಕು," ಎಂದ ವರದು. ನಾನು ಎರಡನ್ನೂ ಕಲಿತೆ.

ಕೋಡ್ ಬರೆಯುವವರ ಮುಖ್ಯಸ್ಥ ಪ್ರಸನ್ನ. ವರದುವಿನ ಅಕ್ಕನ ಮಗ. ಚುರುಕಾದ ಹುಡುಗ, ಬಾಯಿ ಇನ್ನೂ ಚುರುಕು. ನನಗೆ ಬೆನ್ನ ಹಿಂದೆ 'ಸ್ಕೇಲ್ ಮಾಮಿ' ಎಂದು ಹೆಸರಿಟ್ಟವನು ಅವನೇ. ಆ ವರ್ಷ ಗಣೇಶ ಚತುರ್ಥಿ ಕಳೆದ ಮೇಲೆ ವೆಬ್‌ಸೈಟಿಗೆ ಲಾಗಿನ್ ಭಾಗ ಬೇಕಾಯಿತು. ಪ್ರಸನ್ನ ಅದನ್ನು ಕೈಯಿಂದ ಬರೆಯಲಿಲ್ಲ. ನಾವು ಬಳಸುತ್ತಿದ್ದ ವೆಬ್ ಫ್ರೇಮ್‌ವರ್ಕಿಗೆ ಯಾರೋ ಹೊರದೇಶದವರು ಮಾಡಿಟ್ಟ ಒಂದು ಪ್ಲಗಿನ್ ಇತ್ತು. ಅದನ್ನು ಸೇರಿಸಿ ಒಂದು ಸಾಲಿನ ಆಜ್ಞೆ ಕೊಟ್ಟರೆ ಸಾಕು, ಲಾಗಿನ್ ಪುಟಗಳನ್ನೂ ಬರೆದುಕೊಡುತ್ತಿತ್ತು, ಆ ಪುಟಗಳು ಸರಿಯಿವೆಯೇ ಎಂದು ನೋಡುವ ಟೆಸ್ಟ್‌ಗಳನ್ನೂ ತಾನೇ ಬರೆದುಕೊಡುತ್ತಿತ್ತು. ಟೆಸ್ಟ್ ಓಡಿಸಿದರೆ ಪರದೆಯ ಮೇಲೆ ಸಾಲಾಗಿ ಹಸಿರು ಚುಕ್ಕೆಗಳು ಬರಬೇಕು. ಎಲ್ಲಿ ತಪ್ಪಿದೆಯೋ ಅಲ್ಲಿ ಕೆಂಪು ಬರುತ್ತದೆ. ಪ್ರಸನ್ನ ಎಲ್ಲರನ್ನೂ ಕರೆದು ತೋರಿಸಿದ. ಪರದೆ ತುಂಬ ಹಸಿರು.

"ಇಷ್ಟನ್ನ ನೀವು ಕೂತು ಬರೆದಿದ್ರೆ ಪೊಂಗಲ್ ಆಗ್ತಿತ್ತು," ಎಂದ.

ಯಾರೂ ಬರೆಯದ ಆ ಟೆಸ್ಟ್‌ಗಳನ್ನು ಯಾರೂ ಓದಲೂ ಇಲ್ಲ. ಹಸಿರು ಬಂತಲ್ಲ.

ಟೆಸ್ಟ್ ಓಡಿಸುವ ಕ್ರಮವನ್ನು ನಿಗದಿ ಮಾಡಿದವಳು ನಾನು. ದಿನದ ಕೆಲಸಕ್ಕೆ ಮೊದಲು ಬಂದವರು, ಬೇರೆ ಏನನ್ನೂ ಮುಟ್ಟುವ ಮುನ್ನ, ಎಲ್ಲ ಟೆಸ್ಟ್‌ಗಳನ್ನೂ ಒಂದೇ ಒಂದು ಸಲ ಓಡಿಸಬೇಕು. ಬಂದ ಫಲಿತಾಂಶವನ್ನು ಬಂದ ಹಾಗೆಯೇ ಸಿಡ್ನಿಗೆ ಬರೆಯಬೇಕು. ಕೆಂಪು ಬಂತೆಂದು ಎರಡನೆಯ ಸಲ ಓಡಿಸುವಂತಿಲ್ಲ. ನಿಯಮ ಸರಿಯಾಗಿಯೇ ಇತ್ತು. ಅದಕ್ಕೆ ಅಂಟಿಕೊಂಡ ಶಿಕ್ಷೆ ಮಾತ್ರ ನನ್ನದಲ್ಲ, ಪ್ರಸನ್ನನದು. ಕೆಳಗಿನ ಸೀರೆ ಅಂಗಡಿಯಿಂದ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು ಹಾಲಿನ ನಡುವೆ ಹಾಕಿಸಿದ್ದ. ಯಾರ ಕೈಯಲ್ಲಿ ಟೆಸ್ಟ್ ಕೆಂಪಾಯಿತೋ ಅವರು ಸಂಜೆಯ ತನಕ ಅದರಲ್ಲಿ ಕೂತೇ ಕೆಲಸ ಮಾಡಬೇಕು. ಅವರಿಗೆ ಟೀ ಇಲ್ಲ. ಅವರ ಜೊತೆ ಯಾರೂ ಮಾತಾಡುವಂತಿಲ್ಲ. ದಾಟಿ ಹೋಗುವವರೆಲ್ಲ ಕುರ್ಚಿಯ ಬೆನ್ನಿಗೆ ಒಂದು ಏಟು ಹಾಕಿ ಹೋಗಬೇಕು. ಮೊದಮೊದಲು ತಮಾಷೆಯಾಗಿತ್ತು. ಒಮ್ಮೊಮ್ಮೆ ಒಬ್ಬೊಬ್ಬರು ಕೂತರು, ಪ್ರಸನ್ನನೂ ಒಂದು ದಿನ ಕೂತ.

ಅದನ್ನು ತೆಗೆಸು ಎಂದು ವರದುಗೆ ಹೇಳಿದ್ದೆ. ನಿಯಮದಲ್ಲಿಲ್ಲದ ಶಿಕ್ಷೆ ನನಗೆ ಒಗ್ಗುವುದಿಲ್ಲ.

"ಮೇಡಂ, ಇದು ಟೀಮ್ ಸ್ಪಿರಿಟ್. ಹುಡುಗರು ಜಾಲಿಯಾಗಿದಾರೆ, ಬಿಡಿ," ಎಂದು ನಕ್ಕ.

ಮಹದೇವಿ ಬಂದದ್ದು ಆಷಾಢದಲ್ಲಿ. ರಾಯಪುರಂ ಹುಡುಗಿ. ತಂದೆ ಮಾದಪ್ಪ ಬಂದರಿನಲ್ಲಿ ಸರಕು ಎತ್ತುವ ವಿಂಚ್ ನಡೆಸುತ್ತಿದ್ದರು. ಮೂಲ ಕೊಳ್ಳೇಗಾಲದ ಕಡೆಯ ಹಳ್ಳಿ. ಹುಡುಗಿ ಹುಟ್ಟಿದ್ದು, ಓದಿದ್ದು ಎಲ್ಲ ಬಂದರಿನ ಕ್ವಾರ್ಟರ್ಸಿನಲ್ಲಿ. ಅಪ್ಪ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು. ನನ್ನ ಜೊತೆ ಮಾತ್ರ ಹಟ ಹಿಡಿದು ಕನ್ನಡ ಮಾತಾಡುತ್ತಿದ್ದಳು. ಆಫೀಸಿನಲ್ಲಿ ಎಲ್ಲರೂ ಮಹಾ ಎಂದು ಕರೆಯುತ್ತಿದ್ದರು. ಸಿಡ್ನಿಯಲ್ಲಿ ಕೆಲಸ ಶುರುವಾಗುವಾಗ ನಮ್ಮಲ್ಲಿ ಇನ್ನೂ ಕತ್ತಲೆ. ಆ ಹೊತ್ತಿಗೆ ಇಲ್ಲಿ ಒಬ್ಬರು ಇರಬೇಕೆಂದು ಗಿರಾಕಿ ಕೇಳಿದ್ದರಿಂದಲೇ ಒಂದು ಹೊಸ ಜಾಗ ಹುಟ್ಟಿತ್ತು. ಯಾರಿಗೂ ಬೇಡದ ಆ ಮುಂಜಾವದ ಪಾಳಿಗೆ ಮಹಾಳನ್ನು ತೆಗೆದುಕೊಂಡರು. ಆರು ತಿಂಗಳು ಪ್ರೊಬೇಷನ್. ಮಾದಪ್ಪ ಮೊದಲ ಪಾಳಿಗೆ ಹೋಗುವಾಗ ಮೊಪೆಡ್ ಮೇಲೆ ಕರೆತಂದು ಬಿಟ್ಟು ಹೋಗುತ್ತಿದ್ದರು.

ಅವಳಿಗೆ ಆ ಕೆಲಸ ಕಾಯಂ ಆಗಲೇಬೇಕಿತ್ತು. ಡಿಸೆಂಬರಿಗೆ ತಂದೆ ನಿವೃತ್ತರಾಗುವವರಿದ್ದರು, ಕ್ವಾರ್ಟರ್ಸ್ ಬಿಡಬೇಕಿತ್ತು. ಮಗಳ ಕೆಲಸ ಕಾಯಂ ಆದರೆ ರಾಯಪುರಂನಲ್ಲೇ ಬಾಡಿಗೆ ಮನೆ. ಇಲ್ಲದಿದ್ದರೆ ಎಲ್ಲರೂ ಊರಿಗೆ.

"ಊರಿಗೆ ಹೋದ್ರೆ ನಾನು ಏನ್ ಮಾಡೋದು ಮೇಡಂ? ಅಲ್ಲಿ ಕರೆಂಟೇ ಒಳುಂಗಾ, ಸರಿಯಾಗಿ ಇರಲ್ಲ," ಎಂದು ಒಮ್ಮೆ ಊಟದ ಡಬ್ಬಿ ಮುಚ್ಚುತ್ತ ಹೇಳಿದ್ದಳು. "ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ಕೊಂಡು ಕೂರ್ಬೇಕು. ಹುಳ ನಂಗೆ ಭಯ."

ಪ್ಲಗಿನ್ ಸೇರಿಸಿದ ಮರುದಿನವೇ ಅವಳಿಗೆ ಕೆಂಪು ಬಂತು. ನಿಯಮದಂತೆ ಒಂದೇ ಸಲ ಓಡಿಸಿ, ಬಂದದ್ದನ್ನು ಸಿಡ್ನಿಗೆ ಬರೆದು, ಯಾರೂ ಬರುವ ಮೊದಲೇ ತಾನಾಗಿ ಹೋಗಿ ಕೆಂಪು ಕುರ್ಚಿಯಲ್ಲಿ ಕೂತಿದ್ದಳು. ಬೆಳಿಗ್ಗೆ ಪ್ರಸನ್ನ ಬಂದ, ತನ್ನ ಕಂಪ್ಯೂಟರಿನಲ್ಲಿ ಅದೇ ಟೆಸ್ಟ್‌ಗಳನ್ನು ಓಡಿಸಿದ. ಎಲ್ಲ ಹಸಿರು. ತಪಾಸಣೆಯ ಓಟಕ್ಕೆ ಮಾತ್ರ ನನ್ನ ನಿಯಮ, ಕೆಲಸದ ನಡುವೆ ಎಷ್ಟು ಸಲ ಓಡಿಸಿದರೂ ಅವನಿಗೆ ಅಡ್ಡಿಯಿರಲಿಲ್ಲ.

"ಏನಮ್ಮಾ ಮುಟ್ಟಿದೆ?" ಎಂದು ಹಾಲಿನ ಆ ಕಡೆಯಿಂದ ಕೂಗಿದ.

"ನಾನು ಒಣ್ಣುಮೇ, ಏನೂ ಮುಟ್ಟಲಿಲ್ಲ ಸರ್."

"ಮುಟ್ಟದೆ ಕೆಟ್ಟಿತಾ? ಇದೇನು ಹಾಲಾ, ತಾನಾಗಿ ಒಡೆಯೋಕೆ?"

ಎಲ್ಲರೂ ನಕ್ಕರು. ಅವನು ಸಿಡ್ನಿಗೆ ಬರೆದ: ಟ್ರೈನಿಯ ಕೈತಪ್ಪು, ನಾನು ಸರಿಪಡಿಸಿದ್ದೇನೆ. ಸಿಡ್ನಿಯವನು ಅವನಿಗೆ ಥ್ಯಾಂಕ್ಸ್ ಬರೆದ.

ಮರುದಿನವೂ ಕೆಂಪು. ಅದರ ಮರುದಿನವೂ. ಮುಂಜಾವದಲ್ಲಿ ಮಹಾ ಓಡಿಸಿದರೆ ಕೆಂಪು, ಬೆಳಿಗ್ಗೆ ಪ್ರಸನ್ನ ಓಡಿಸಿದರೆ ಹಸಿರು. ಅವನು ದಿನವೂ 'ಸರಿಪಡಿಸುತ್ತಿದ್ದ', ದಿನವೂ ಥ್ಯಾಂಕ್ಸ್ ಬರುತ್ತಿತ್ತು. ಬೇರೆಯವರಿಗೆ ಕುರ್ಚಿಯ ಭಯವೇ ಹೋಯಿತು. ಅದು ಮಹಾಳ ಜಾಗವಾಯಿತು. ಹೊಸದಾಗಿ ಬಂದ ಕೊರಿಯರ್ ಹುಡುಗರು ಕೂಡ ಕುರ್ಚಿಗೆ ಏಟು ಹಾಕಿ ಹೋಗುವುದನ್ನು ಕಲಿತರು. ಮಳೆ ಹಿಡಿದ ಮೇಲೆ ಆ ಜಾಗದಲ್ಲಿಯೇ ಸೂರು ತೊಟ್ಟಿಕ್ಕತೊಡಗಿತು. ಬಕೆಟ್ ಇಟ್ಟರು, ಕುರ್ಚಿ ಸರಿಸಲಿಲ್ಲ. ಅವಳು ಕೀಬೋರ್ಡಿನ ಮೇಲೆ ದುಪಟ್ಟಾ ಹೊದಿಸಿಕೊಂಡು ಕೆಲಸ ಮಾಡುತ್ತಿದ್ದಳು.

ಆಯುಧಪೂಜೆಯ ದಿನದ್ದನ್ನು ಹೇಳಲೇಬೇಕು. ಕಂಪ್ಯೂಟರುಗಳಿಗೆಲ್ಲ ಗಂಧ ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯಲು ತಂದಿಟ್ಟಿದ್ದರು. ಆ ದಿನವೂ ಮುಂಜಾವದಲ್ಲಿ ಕೆಂಪು ಬಂದಿತ್ತು, ಮಹಾ ಕುರ್ಚಿಯಲ್ಲಿದ್ದಳು. ಕೈಯಲ್ಲಿ ಪುರಿ, ಕಡಲೆಯ ಪೊಟ್ಟಣ. ಪ್ರಸನ್ನ ಗಂಧದ ಬಟ್ಟಲು ಹಿಡಿದು ಅವಳ ಮುಂದೆ ಬಂದು ನಿಂತ.

"ನಮ್ಮ ಆಫೀಸಿನ ದೊಡ್ಡ ಆಯುಧ ಇದೇ ಅಲ್ವಾಪ್ಪಾ?" ಎಂದು ಕುರ್ಚಿಯ ಕಾಲುಗಳಿಗೆ ಗಂಧ ಹಚ್ಚಿದ. ಯಾರೋ ಬೆನ್ನಿಗೆ ಸೇವಂತಿಗೆ ಹಾರ ಇಳಿಬಿಟ್ಟರು. ಮಹಾ ಎದ್ದು ನಿಲ್ಲಲು ಹೋದಳು.

"ಏಯ್, ಎದ್ದೇಳ್ಬೇಡ. ವಿಗ್ರಹ ಎದ್ದು ಓಡಿಹೋದ್ರೆ ಪೂಜೆ ಯಾರಿಗೆ?"

ಮತ್ತೆ ಕೂತಳು. ಅವನು ಆರತಿ ತಟ್ಟೆ ತೆಗೆದುಕೊಂಡು ಅವಳ ಮುಖದ ಮುಂದೆ ಸುತ್ತಿಸತೊಡಗಿದ. ಗಂಟೆ ಬಾರಿಸುವವನು ಬಾರಿಸಿದ. ಮೊಬೈಲಿನಲ್ಲಿ ಫೋಟೋ ತೆಗೆದರು. ವರದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮಹಾಳೂ ನಗಲು ನೋಡಿದಳು, ಬಾಯಿ ಮಾತ್ರ ನಕ್ಕಿತು.

"ಪ್ರಸನ್ನ, ತಟ್ಟೆ ಕೆಳಗಿಡು," ಎಂದೆ. ಕಾರ್ಖಾನೆಯಲ್ಲಿ ಯಂತ್ರಗಳ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ದನಿ. ಇಟ್ಟ. ಹಿಂದೆ ಯಾರೋ, "ಸ್ಕೇಲ್ ಮಾಮಿಗೆ ಕೋಪಂ ವಂದಾಚು ಡಾ," ಎಂದರು. ಕುಂಬಳಕಾಯಿ ಒಡೆದು ಎಲ್ಲರೂ ಮನೆಗೆ ಹೋದರು.

ಅದಾದ ಮೇಲೆ ಒಂದು ದಿನ ರಾತ್ರಿಯಿಡೀ ಸುರಿದು ಊರೆಲ್ಲ ನೀರಾಯಿತು. ರಾಯಪುರಂ ಕಡೆ ರೈಲು ಹಳಿಯ ಕೆಳಗಿನ ಸಬ್‌ವೇ ಮುಳುಗಿತ್ತು. ಮಹಾ ಸುತ್ತು ಬಳಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಬೆಳಕು ಹರಿದ ಮೇಲೆ ಆಫೀಸು ತಲುಪಿದಳು. ಬಂದವಳು ನಿಯಮದಂತೆ ಟೆಸ್ಟ್ ಓಡಿಸಿದಳು. ಹಸಿರು. ಅಷ್ಟು ವಾರಗಳಲ್ಲಿ ಅವಳಿಗೆ ಬಂದ ಮೊದಲ ಹಸಿರು.

"ನೋಡಿದ್ರಾ? ನಿದ್ದೆ ಪೂರ್ತಿಯಾದ್ರೆ ಕೈ ಸರಿಯಾಗಿ ಓಡುತ್ತೆ," ಎಂದ ಪ್ರಸನ್ನ. ತಡವಾಗಿ ಬಂದದ್ದಕ್ಕೆಂದು ಆ ದಿನವೂ ಕುರ್ಚಿಯಲ್ಲಿ ಕೂರಿಸಿದ.

ನನ್ನ ತಲೆಯಲ್ಲಿ ಆ ಹಸಿರು ಕೂತುಬಿಟ್ಟಿತು. ಶುಕ್ರವಾರದ ವರದಿಗೆಂದು ಅವಳ ಕೆಂಪುಗಳನ್ನೆಲ್ಲ ತೆರೆದು ನೋಡಿದೆ. ಪ್ರತಿ ದಿನವೂ ಅದೇ ಒಂದು ಟೆಸ್ಟ್, ಅದೇ ಒಂದು ಸಾಲು. ಕೆಲಸ ಬಾರದವರ ತಪ್ಪುಗಳನ್ನು ನಾನು ಬಹಳ ನೋಡಿದ್ದೇನೆ. ಇವತ್ತು ಇಲ್ಲಿ ಕೆಟ್ಟರೆ ನಾಳೆ ಇನ್ನೆಲ್ಲೋ ಕೆಡುತ್ತದೆ. ಮನುಷ್ಯರ ತಪ್ಪಿಗೆ ಇಷ್ಟು ಶಿಸ್ತು ಇರುವುದಿಲ್ಲ. ಇಂಥ ಶಿಸ್ತು ಕೆಟ್ಟ ಗೇಜಿಗೆ ಇರುತ್ತದೆ. ಬಿಡಿಭಾಗ ಎಷ್ಟೇ ಸರಿಯಿರಲಿ, ಸವೆದ ಗೇಜು ಪ್ರತಿ ಸಲವೂ ಅಷ್ಟೇ ತಪ್ಪು ತೋರಿಸುತ್ತದೆ. ಕಾರ್ಖಾನೆಯಲ್ಲಿ ಗೇಜುಗಳನ್ನೇ ಆಗಾಗ ಅಳೆಯುತ್ತಿದ್ದೆವು. ಇಲ್ಲಿ ಪ್ಲಗಿನ್ ಕೊಟ್ಟ ಗೇಜನ್ನು ಯಾರೂ ಅಳೆದಿರಲಿಲ್ಲ.

ಮಾರನೆಯ ದಿನ ಆಟೋದವನಿಗೆ ಹೇಳಿಟ್ಟು, ಮಹಾ ಬರುವ ಹೊತ್ತಿಗೇ ನಾನೂ ಪುರಸೈವಾಕ್ಕಂ ತಲುಪಿದೆ. ಅಂಗಡಿಗಳ ಷಟರ್ ಮುಚ್ಚಿದ್ದವು. ಜಿನುಗು ಮಳೆ. ಮಾದಪ್ಪ ಮೊಪೆಡ್ ನಿಲ್ಲಿಸಿ, ತಲೆಗೆ ಹಾಕಿಕೊಂಡಿದ್ದ ಪ್ಲಾಸ್ಟಿಕ್ ಚೀಲ ತೆಗೆದು ಕೈ ಮುಗಿದರು.

"ಏನವ್ವಾ, ನಮ್ ಮಗ ಚೆಂದಾಗ್ ಗೇಯ್ತಾವ್ಳಾ? ಮನೇಲಿ ಕೇಳುದ್ರೆ ಬಾಯೇ ಬುಡಲ್ಲ."

"ಗೇಯ್ತಾಳೆ. ನೀವು ಹೋಗಿ, ಪಾಳಿಗೆ ಹೊತ್ತಾಗುತ್ತೆ," ಎಂದೆ.

ಮೇಲೆ ಹೋಗಿ ದೀಪ ಹಾಕಿದೆವು. ಮಹಾ ಟೆಸ್ಟ್ ಓಡಿಸಿದಳು. ಕೆಂಪು. ಸಿಡ್ನಿಗೆ ಬರೆದು ಮುಗಿಸಿ, ಅಭ್ಯಾಸಬಲದಿಂದ ಎದ್ದು ಕುರ್ಚಿಯ ಕಡೆ ಹೊರಟಳು.

"ಇಲ್ಲಿ ಕೂತ್ಕೊ. ಆ ಟೆಸ್ಟನ್ನ ತೆಗೆ, ಓದೋಣ," ಎಂದೆ.

ಲಾಗಿನ್ ಪುಟದಲ್ಲಿ ಒಂದು ಚೌಕ ಇರುತ್ತದಲ್ಲ, ಅದಕ್ಕೆ ಟಿಕ್ ಹಾಕಿದರೆ ಎರಡು ವಾರ ಮತ್ತೆ ಪಾಸ್‌ವರ್ಡ್ ಕೇಳುವುದಿಲ್ಲ. ಆ ಎರಡು ವಾರ ಸರಿಯಾಗಿ ಎಣಿಕೆಯಾಗುತ್ತಿದೆಯೇ ಎಂದು ನೋಡುವ ಟೆಸ್ಟ್ ಅದು. ಇವತ್ತಿನ ತಾರೀಕಿಗೆ ಎರಡು ವಾರ ಕೂಡಿಸಿ, ವೆಬ್‌ಸೈಟ್ ಎಣಿಸಿದ ತಾರೀಕಿನ ಪಕ್ಕ ಇಟ್ಟು ನೋಡುತ್ತಿತ್ತು. ಎರಡರ ನಡುವೆ ಒಂದು ದಿನದ ವ್ಯತ್ಯಾಸ. ಸಾಲುಗಳ ಮೇಲೆ ಬೆರಳಿಟ್ಟು ಓದುತ್ತ ಹೋದೆ. ಟೆಸ್ಟ್ ತಾರೀಕನ್ನು ಕೇಳುತ್ತಿದ್ದುದು ನಮ್ಮ ಗಡಿಯಾರದಿಂದ. ವೆಬ್‌ಸೈಟ್ ಕೇಳುತ್ತಿದ್ದುದು ಗ್ರೀನಿಚ್ ಗಡಿಯಾರದಿಂದ. ನಮ್ಮ ಬೆಳಗಿನ ಐದೂವರೆಯ ತನಕ ಗ್ರೀನಿಚ್‌ನಲ್ಲಿ ಇನ್ನೂ ನಿನ್ನೆಯೇ.

ಗೋಡೆ ಗಡಿಯಾರ ನೋಡಿದೆ. ಐದು ದಾಟಿತ್ತು. ಅವಳ ಡಬ್ಬಿಯ ಇಡ್ಲಿಯಲ್ಲಿ ನನಗೂ ಎರಡು ಕೊಟ್ಟಳು. ತಿಂದು ಕೈ ತೊಳೆದು ಬಂದೆವು. ಕೆಳಗೆ ಹಾಲಿನ ವ್ಯಾನಿನ ಸದ್ದು. ಮುಳ್ಳು ಐದೂವರೆ ದಾಟಿತು.

"ಈಗ ಓಡಿಸು."

"ಎರಡನೇ ಸಲ ಓಡಿಸಬಾರದು ಅಂತ ನೀವೇ ರೂಲ್ ಹಾಕಿದೀರಲ್ಲ ಮೇಡಂ."

"ಅದು ಕೆಲಸದ ತಪಾಸಣೆಗೆ. ಇದು ಗೇಜಿನ ತಪಾಸಣೆ. ಓಡಿಸು."

ಒಂದಕ್ಷರವನ್ನೂ ಬದಲಿಸಿರಲಿಲ್ಲ. ಪರದೆಯ ತುದಿಯಿಂದ ತುದಿಗೆ ಹಸಿರು ಹರಿಯಿತು. ಮಹಾ ಕೈ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ಹಾಗಿದ್ರೆ ಮೇಡಂ," ಎಂದಳು, "ಇಷ್ಟು ದಿನ ಪ್ರಸನ್ನ ಸರ್ ದಿನಾ ಬಂದು ಏನನ್ನ ಸರಿ ಮಾಡ್ತಿದ್ರು?"

ವರದು ಬಂದ ಕೂಡಲೇ ಅವನ ಕೋಣೆಯ ಬಾಗಿಲು ಮುಚ್ಚಿ ಎಲ್ಲವನ್ನೂ ಹೇಳಿದೆ. ದಡ್ಡನಲ್ಲ, ಅರೆಕ್ಷಣದಲ್ಲಿ ಅರ್ಥ ಮಾಡಿಕೊಂಡ.

"ಪ್ರಮಾದಂ ಮೇಡಂ, ಭಲೇ! ನಿಮ್ಮನ್ನ ಸುಮ್ನೆ ತಗೊಳ್ಳಲಿಲ್ಲ ನಾನು. ಆದ್ರೆ ಇದು ನಮ್ಮೊಳಗೇ ಇರಲಿ."

"ಶುಕ್ರವಾರದ ವರದಿಯಲ್ಲಿ ಬರೀತೀನಿ."

"ಬರೆದ್ರೆ ಏನಾಗುತ್ತೆ, ಸ್ವಲ್ಪ ಯೋಚನೆ ಮಾಡಿ. ಹುಡುಗಿ ಕೆಡಿಸ್ತಾಳೆ, ಪ್ರಸನ್ನ ಸರಿ ಮಾಡ್ತಾನೆ ಅಂತ ಇಷ್ಟು ದಿನ ಸಿಡ್ನಿಯವನಿಗೆ ಬರೀತಾ ಬಂದಿದೀವಿ. ಹುಡುಗಿ ಕೆಡಿಸೇ ಇಲ್ಲ ಅಂದ್ರೆ, ಪ್ರಸನ್ನ ಮಾಡಿದ್ದೇನು ಅಂತ ಕೇಳಲ್ವಾ?"

"ಕೇಳ್ಬೇಕು."

"ಐಯೋ!" ಕುರ್ಚಿಯಿಂದ ಎದ್ದ. ದನಿ ಇಳಿಯಿತು, ಬೀದಿಯ ಹುಡುಗನಾದ. "ಸರೋಜಕ್ಕಾ, ನಮ್ಮ ಅಕ್ಕನಿಗೆ ನಾನು ಏನು ಹೇಳ್ಲಿ? ಕೇಳಿ, ಆ ಚೇರನ್ನ ಇವತ್ತೇ ತೆಗೆಸ್ತೀನಿ. ಡಿಸೆಂಬರ್‌ನಲ್ಲಿ ಆ ಹುಡುಗೀನ ಕನ್ಫರ್ಮ್ ಮಾಡ್ತೀನಿ. ಪೆರುಮಾಳ್ ಮೇಲೆ ಆಣೆ. ನೀವು ಇದೊಂದನ್ನ ಬರೀಬೇಡಿ."

ಅವನು ಮಾತು ಉಳಿಸಿಕೊಳ್ಳುತ್ತಿದ್ದನೋ ಇಲ್ಲವೋ ಎಂದು ಆಮೇಲೆ ಕೆಲವರು ನನ್ನನ್ನು ಕೇಳಿದ್ದುಂಟು. ಉಳಿಸಿಕೊಳ್ಳುತ್ತಿದ್ದ ಎಂದೇ ನನ್ನ ಎಣಿಕೆ. ದೇವರ ಆಣೆಗೆ ಹೆದರುವ ಮನೆತನ. ಆದರೆ ನನ್ನ ಕೆಲಸ ಅದನ್ನು ತೂಗುವುದಲ್ಲ. ಸರಿಯಿರುವುದನ್ನು ಕೆಂಪು ಎಂದು ಬರೆಯಲು ನನ್ನ ಕೈ ಬಾರದು. ಮಹಾಳನ್ನೂ ಕೇಳಲಿಲ್ಲ. ಅಳತೆ ಹೇಗೆ ಬರೆಯಲಿ ಎಂದು ಬಿಡಿಭಾಗವನ್ನು ಕೇಳುವ ಪದ್ಧತಿ ಇಲ್ಲ. ಶುಕ್ರವಾರ ವರದಿ ಕಳಿಸಿದೆ. ತಪ್ಪು ಪ್ಲಗಿನ್ ಬರೆದುಕೊಟ್ಟ ಟೆಸ್ಟಿನದು, ಐದೂವರೆಗೆ ಮುಂಚೆ ಯಾರು ಓಡಿಸಿದರೂ ಕೆಂಪೇ, ಮಹದೇವಿಯ ಕೈತಪ್ಪು ಯಾವ ದಿನವೂ ಇಲ್ಲ, ಯಾರೂ ಏನನ್ನೂ ಸರಿಪಡಿಸಿಯೂ ಇಲ್ಲ.

ಸೋಮವಾರ ಉತ್ತರ ಬಂತು. ಸಿಡ್ನಿಯವನು ಸಿಟ್ಟಾಗಿರಲಿಲ್ಲ. ಬಹಳ ಖುಷಿಯಲ್ಲಿದ್ದ. ಇಂಥ ತಪಾಸಣೆ ತಾನು ಎಲ್ಲೂ ಕಂಡಿಲ್ಲ ಎಂದು ನನ್ನನ್ನು ಹೊಗಳಿದ್ದ. ಪ್ರಸನ್ನನ ವಿಷಯ ಕೇಳಲೇ ಇಲ್ಲ, ಅವನೇ ಆ ಟೆಸ್ಟನ್ನು ತಿದ್ದಿಬಿಡಲಿ ಎಂದಿದ್ದ. ಕೊನೆಯಲ್ಲಿ ಎರಡು ಸಾಲು: ಮುಂಜಾನೆಯ ತಪಾಸಣೆಯಿಂದ ಗೊಂದಲ ಬಿಟ್ಟರೆ ಬೇರೇನೂ ಸಿಕ್ಕಿಲ್ಲ ಎಂದು ತಿಳಿಯಿತು, ಇನ್ನು ಆ ಪಾಳಿ ಬೇಡ. ಪಾಪ, ಯಾರೋ ಒಬ್ಬರು ಅಷ್ಟು ಬೇಗ ಏಳುವುದಾದರೂ ತಪ್ಪುತ್ತದೆ.

ವರದು ಅದನ್ನು ಹಾಲಿನ ನಡುವೆ ನಿಂತು ಗಟ್ಟಿಯಾಗಿ ಓದಿದ. ಓದಿ ಮುಗಿಸಿ ಮಹಾಳನ್ನು ನೋಡಿದ.

"ಕೇಳಿಸ್ಕೊಂಡ್ಯಾಮ್ಮಾ? ಪಾಳಿ ಇಲ್ಲ ಅಂದ್ಮೇಲೆ ಪಾಳಿಗೆ ಆಳು ಎಲ್ಲಿಂದ? ಈ ತಿಂಗಳು ಪೂರ್ತಿ ಬಾ, ಸಾಕು. ಮೇಡಂ ಆ ರಿಪೋರ್ಟ್ ಕಳಿಸ್ದೇ ಇದ್ದಿದ್ರೆ ನಿನಗೆ ಡಿಸೆಂಬರ್‌ನಲ್ಲಿ ಕನ್ಫರ್ಮೇಷನ್ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ಮೇಡಂನೇ ಕೇಳು."

ಅವಳು ನನ್ನ ಕಡೆ ತಿರುಗಿದಳು. "ಹೌದು, ಹೇಳಿದ್ದ," ಎಂದೆ.

ಅವಳನ್ನು ಹಗಲು ಪಾಳಿಗೆ ಹಾಕು ಎಂದು ವರದುವಿನ ಕೋಣೆಗೆ ಹೋಗಿ ಕೇಳಿದೆ. ಒಂದೇ ಸಲವಲ್ಲ. ಮೊದಲು ಜಾಗ ಇಲ್ಲ ಎಂದ. ಆಮೇಲೆ ಬೇಸತ್ತು ನಿಜ ಹೇಳಿದ.

"ಅವಳು ದಿನಾ ಎದುರಿಗೆ ಕೂತಿದ್ರೆ ಪ್ರಸನ್ನ ತಲೆ ಎತ್ತಿ ಕೆಲಸ ಮಾಡೋದು ಹೇಗೆ ಮೇಡಂ? ಅವಳ ಮುಖ ನೋಡಿದಾಗೆಲ್ಲ ಎಲ್ರಿಗೂ ಅದೇ ನೆನಪಾಗುತ್ತೆ."

ಪ್ರಸನ್ನ ಟೆಸ್ಟನ್ನು ತಿದ್ದಲಿಲ್ಲ, ಅಳಿಸಿಹಾಕಿದ. ನಾನು ಮರಳಿ ಹಾಕಿಸಿ, ಪಕ್ಕದಲ್ಲಿ ನಿಂತು ತಿದ್ದಿಸಿದೆ. ಬೇರೆ ಹುಡುಗರು ಒಂದೆರಡು ದಿನ ಮಹಾಳಿಗೆ ಟೀ ತಂದುಕೊಟ್ಟರು. "ಸಾರಿ ಮಹಾ, ಎಲ್ಲ ಜಾಲಿಗೆ ಮಾಡಿದ್ದು," ಎಂದರು. ಅವಳು "ಪರವಾಗಿಲ್ಲ" ಎಂದು ಟೀ ಕುಡಿದಳು. ಮೂರನೆಯ ದಿನ ಅವರು ಮರೆತರು.

ಅವಳ ಕೊನೆಯ ದಿನ ಮಳೆ ಬಿಟ್ಟಿತ್ತು. ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದೆವು. ನಾನೇ ರಾಯಪುರಂಗೆ ಬಂದು ನಿಮ್ಮ ತಂದೆಯ ಹತ್ತಿರ ಮಾತಾಡುತ್ತೇನೆ, ನಿನ್ನ ಕಡೆಯಿಂದ ಏನೂ ತಪ್ಪಿಲ್ಲ ಎಂದು ಹೇಳುತ್ತೇನೆ ಎಂದೆ.

ಎರಡನೆಯ ಮಹಡಿಯ ತಿರುವಿನಲ್ಲಿ ನಿಂತುಬಿಟ್ಟಳು. "ವೇಂಡಾಂ ಮೇಡಂ. ಬೇಡ. ನಾನೇ ಕೆಡಿಸ್ದೆ, ಅದಕ್ಕೆ ತೆಗೆದ್ರು ಅಂತ ಹೇಳ್ತೀನಿ."

"ಯಾಕೆ?"

"ತಪ್ಪು ಮಾಡಿದೆ ಅಂದ್ರೆ ಅಪ್ಪ ಎರಡು ಹೊಡೀತಾರೆ, ಬೈತಾರೆ. ಆಮೇಲೆ, ಹೋಗು, ಇನ್ನೊಂದ್ಕಡೆ ಸರಿಯಾಗಿ ಮಾಡು ಅಂತಾರೆ. ಎರಡು ತಿಂಗಳು ಎಲ್ಲಾದ್ರೂ ಒಂದು ರೂಮ್‌ನಲ್ಲಿದ್ದು ನಾನು ಬೇರೆ ಕೆಲಸ ಹುಡುಕ್ಕೋಬಹುದು. ತಪ್ಪೇ ಮಾಡದೆ ತೆಗೆದ್ರು ಅಂತ ಗೊತ್ತಾದ್ರೆ, ಈ ಊರ ಸಹವಾಸವೇ ಬೇಡ ಅಂತ ಕರ್ಕೊಂಡು ಹೋಗ್ಬಿಡ್ತಾರೆ. ಅವರನ್ನ ನಿಮಗೆ ಗೊತ್ತಿಲ್ಲ." ನನ್ನ ಕೈ ಹಿಡಿದುಕೊಂಡಳು. "ಅಪ್ಪ ನಿಮಗೆ ಫೋನ್ ಮಾಡಿ ಕೇಳೇ ಕೇಳ್ತಾರೆ. ನೀವೂ ಹಾಗೇ ಹೇಳ್ಬಿಡಿ ಮೇಡಂ. ಮಹಾ ಕೆಡಿಸಿದಳು ಅಂತ. ಒಂದೇ ಒಂದು ಮಾತು."

ನಾನು ಮಾತು ಕೊಡಲಿಲ್ಲ. ಆಗುವುದಿಲ್ಲವೆಂದೂ ಹೇಳಲಿಲ್ಲ. ಅವಳು ಅದನ್ನು ಒಪ್ಪಿಗೆ ಎಂದುಕೊಂಡಳು.

ಮಾರನೆಯ ದಿನ ಬೆಳಿಗ್ಗೆ ನಾನು ಪೂಜೆ ಮುಗಿಸಿ ಕಾಫಿಗೆ ನೀರಿಡುವಾಗ ಮಾದಪ್ಪನವರ ಫೋನು ಬಂತು. ಹಿಂದೆ ಬಂದರಿನ ಸೈರನ್ನು ಕೇಳಿಸುತ್ತಿತ್ತು.

"ಅವ್ವಾ, ನಮ್ ಮಗ ಏನೋ ಕೆಡ್ಸಾಕ್ಬುಟ್ಟೆ ಅಂತ ಅಳ್ತಾವ್ಳೆ. ಏನ್ ತೆಪ್ ಮಾಡುದ್ಲವ್ವಾ?"

"ಏನೂ ತಪ್ಪು ಮಾಡಲಿಲ್ಲ," ಎಂದೆ. ನಡೆದದ್ದನ್ನು ಮೊದಲಿನಿಂದ ಕೊನೆಯ ತನಕ, ಒಂದನ್ನೂ ಬಿಡದೆ, ಅವರಿಗೆ ತಿಳಿಯುವ ಹಾಗೆ ಹೇಳಿದೆ. ಕುರ್ಚಿಯನ್ನೂ ಹೇಳಿದೆ, ಆರತಿಯನ್ನೂ ಹೇಳಿದೆ.

ಆಮೇಲೆ ಅವರು ಕೇಳಿದರು:

"ತೆಪ್ಪೇ ಇಲ್ದೆ ಹಿಂಗೆಲ್ಲ ಮಾಡ್ತರಾ ಅವ್ವಾ? ಅಂತಾ ಊರಾ ಇದು?"

"ಹೌದು, ಅಂಥ ಊರೇ," ಎಂದೆ.